ರೆಕಾರ್ಡು ನಂಬದವನ ರೆಕಾರ್ಡುಗಳು

ಡೆರೆಕ್ ಬೈಲಿಯ 'ಬ್ಯಾಲಡ್ಸ್' ಆಲ್ಬಮ್ ಶುರುವಾಗುವುದು 'ಲಾರಾ'ದಿಂದ. 1944ರ ಹಾಲಿವುಡ್ ಚಿತ್ರವೊಂದಕ್ಕೆ ಡೇವಿಡ್ ರಾಕ್ಸಿನ್ ಕಟ್ಟಿಕೊಟ್ಟ ಧಾಟಿ ಅದು. ಜಾಜ್ ಲೋಕದಲ್ಲಿ ನಮ್ಮ ಹಳೆಯ ಸಿನಿಮಾ ಹಾಡುಗಳ ಹಾಗೆ ಎಲ್ಲರ ಬಾಯಲ್ಲೂ ಇರುವಂಥದ್ದು. ಇಲ್ಲಿ ಒಂಟಿ ಗಿಟಾರು ಅದನ್ನು ನುಡಿಸುತ್ತದೆ. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿಯೇ ಇದೆ. ಆಮೇಲೆ ಒಂದು ಸ್ವರ ಬೇಡದ ಕಡೆ ನಿಂತುಬಿಡುತ್ತದೆ, ಇನ್ನೊಂದು ಬ್ರಿಜ್ಜಿನ ಆಚೆಯ ತುಂಡು ತಂತಿಯಿಂದ ಠಣ್ಣೆಂದು ಬರುತ್ತದೆ, ಮತ್ತೊಂದು ಬರೀ ಉಗುರಿನ ಸದ್ದು. ಧಾಟಿ ಎಲ್ಲಿ ಹೋಯಿತು ಎಂದು ನೀವು ಹುಡುಕುತ್ತಿರುವಾಗಲೇ ಅದು ಇನ್ನೊಂದು ಹಾಡಾಗಿ ಮರಳಿರುತ್ತದೆ. ನಾನು ಈತನನ್ನು ಮೊದಲು ಕೇಳಿದ್ದು ಇದರಲ್ಲಿ. ಗಿಟಾರು ಬಾರದವನೊಬ್ಬ ನಡುನಡುವೆ ತಪ್ಪುತ್ತಿದ್ದಾನೆ ಎಂದೇ ಅಂದುಕೊಂಡಿದ್ದೆ. ಎರಡನೇ ಸಲ ಕೇಳುವಾಗ ಸಂಶಯ ಬಂತು. ತಪ್ಪುವವರು ಇಷ್ಟು ನಿಖರವಾಗಿ ತಪ್ಪುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷಿನವರು ಉಚ್ಚರಿಸುವಂತೆ ಬರೆದರೆ ಅದು ಕನ್ನಡದಲ್ಲಿ 'ಬೇಲಿ' ಆಗಿಬಿಡುತ್ತದೆ. ಈತನ ಮಟ್ಟಿಗೆ ಅದು ಅನ್ಯಾಯ. 'ಬೈಲಿ' ಎಂದರೆ ಬಯಲಾದರೂ ಹತ್ತಿರ ಇರುತ್ತದೆ.

ಬೈಲಿ ಹುಟ್ಟಿದ್ದು 1930ರ ಜನವರಿ 29ರಂದು, ಉಕ್ಕಿನ ಊರು ಶೆಫೀಲ್ಡಿನಲ್ಲಿ. ಐವತ್ತರ ದಶಕದಿಂದ ಮುಂದೆ ಸುಮಾರು ಹದಿನೈದು ವರ್ಷ ಗಿಟಾರು ಆತನ ಹೊಟ್ಟೆಪಾಡು. ಡಾನ್ಸ್ ಹಾಲುಗಳು, ನೈಟ್ ಕ್ಲಬ್ಬುಗಳು, ನಾಟಕಶಾಲೆಗಳು, ರೇಡಿಯೋ. ಗಾಯಕಿ ಗ್ರೇಸಿ ಫೀಲ್ಡ್ಸ್‌ಗೂ ಹಾಸ್ಯದ ಜೋಡಿ ಮೋರ್‌ಕಂಬ್ ಮತ್ತು ವೈಸ್‌ಗೂ ಹಿಂದೆ ಕುಳಿತು ನುಡಿಸಿದ ಕೈ ಅದು. ಎದುರಿಗಿಟ್ಟ ಕಾಗದ ನೋಡಿ, ಹೇಳಿದ ಶ್ರುತಿಯಲ್ಲಿ, ಹೇಳಿದಷ್ಟು ಹೊತ್ತು ನುಡಿಸಿ ಸಂಬಳ ತೆಗೆದುಕೊಳ್ಳುವ ಕೆಲಸ. ಬ್ಯಾಲಡ್ಸ್‌ನ ಹಾಡುಗಳೆಲ್ಲ ಆತನಿಗೆ ಕರತಲಾಮಲಕವಾಗಿದ್ದದ್ದು ಹೀಗೆ. ಬೈಲಿಯನ್ನು ಹುಚ್ಚ ಎನ್ನುವವರು ಈ ಹದಿನೈದು ವರ್ಷಗಳನ್ನು ಮರೆಯುತ್ತಾರೆ. ವ್ಯಾಕರಣ ಬಾರದೆ ವ್ಯಾಕರಣ ಮುರಿದವನಲ್ಲ ಈತ. ಅದನ್ನೇ ದಿನಗೂಲಿಗೆ ದುಡಿದು ದಣಿದವನು.

1963ರಲ್ಲಿ ಶೆಫೀಲ್ಡಿನಲ್ಲೇ ಇಬ್ಬರು ಕಿರಿಯರು ಸಿಕ್ಕರು. ಡ್ರಮ್ಮಿಗೆ ಟೋನಿ ಆಕ್ಸ್‌ಲಿ, ಬೇಸ್‌ಗೆ ಗೇವಿನ್ ಬ್ರಯರ್ಸ್. ಒಂದು ಪಬ್ಬಿನ ಮಹಡಿಯ ಮೇಲೆ ಮೂವರೂ ಸೇರಿ ನುಡಿಸತೊಡಗಿದರು. ತಂಡಕ್ಕೆ ಇಟ್ಟ ಹೆಸರು ಜೋಸೆಫ್ ಹಾಲ್‌ಬ್ರೂಕ್. 1958ರಲ್ಲಿ ತೀರಿಕೊಂಡ, ಎಲ್ಲರೂ ಮರೆತುಬಿಟ್ಟಿದ್ದ ಇಂಗ್ಲಿಷ್ ಸಂಗೀತಕಾರನೊಬ್ಬನ ಹೆಸರು ಅದು. ಆತನ ಒಂದು ಕೃತಿಯನ್ನೂ ಇವರು ನುಡಿಸಲಿಲ್ಲ! ಮೊದಲು ಜಾಜ್ ನುಡಿಸುತ್ತಿದ್ದರು. ವಾರದಿಂದ ವಾರಕ್ಕೆ ಅದರಿಂದ ಒಂದೊಂದನ್ನೇ ತೆಗೆದುಹಾಕುತ್ತ ಬಂದರು. ಮೊದಲು ತಾಳದ ಆವರ್ತ, ಆಮೇಲೆ ಕಾರ್ಡುಗಳ ಸಾಲು, ಕೊನೆಗೆ ಧಾಟಿ. ಇದೇ ಕಾಲಕ್ಕೆ ಬೈಲಿ ಆಸ್ಟ್ರಿಯಾದ ಸಂಗೀತಕಾರ ವೆಬರ್ನ್‌ನನ್ನು ಗಮನವಿಟ್ಟು ಕೇಳುತ್ತಿದ್ದ. ಒಂದು ಸ್ವರ ಅಲ್ಲಿ, ಇನ್ನೊಂದು ಇಲ್ಲಿ, ನಡುವೆ ಮೌನ: ಆ ವಿರಳತೆ ಆತನ ಬೆರಳಿಗೆ ಇಳಿದದ್ದು ಅಲ್ಲಿಂದ. 1966ರ ಹೊತ್ತಿಗೆ ತಂಡ ಮುಗಿದಿತ್ತು. ಆ ವರ್ಷಗಳ ಸಾಕ್ಷಿಯಾಗಿ ಹೊರಬಂದದ್ದು ಸುಮಾರು ಹತ್ತು ನಿಮಿಷದ ಒಂದು ರಿಹರ್ಸಲ್ ಟೇಪು, ಅದೂ 1999ರಲ್ಲಿ.

ಬೈಲಿಗೆ ಇದರಿಂದ ದುಃಖವಾಗಿರಲಾರದು. ಆ ಕ್ಷಣಕ್ಕೆ ಹುಟ್ಟುವ ಸಂಗೀತಕ್ಕೆ ಧ್ವನಿಮುದ್ರಣ ಎಂದೂ ಪೂರ್ತಿ ಸಾಕ್ಷಿಯಾಗಲಾರದು ಎಂಬುದು ಆತನ ಪಟ್ಟು. ಅಲ್ಲಿದ್ದ ಕೋಣೆ, ಕೇಳುವವರ ಕೆಮ್ಮು, ಮುಂದೇನು ಎಂದು ಯಾರಿಗೂ ಗೊತ್ತಿಲ್ಲದ ಸ್ಥಿತಿ ಇವೆಲ್ಲ ಟೇಪಿಗೆ ಬರುವುದಿಲ್ಲ. ಎರಡನೇ ಸಲ ಕೇಳುವವನಿಗೆ ಮುಂದೇನೆಂದು ಗೊತ್ತಿರುತ್ತದೆ, ನುಡಿಸಿದವನಿಗೆ ಗೊತ್ತಿರಲಿಲ್ಲ. ಹೀಗೆ ಹೇಳುತ್ತಲೇ ಈ ಮನುಷ್ಯ ನೂರಕ್ಕೂ ಹೆಚ್ಚು ರೆಕಾರ್ಡುಗಳನ್ನು ಬಿಟ್ಟುಹೋಗಿದ್ದಾನೆ. ವಿರೋಧಾಭಾಸವೇ ಸರಿ. ಆದರೆ ಆ ರೆಕಾರ್ಡುಗಳನ್ನು ವರ್ಷವಾರು ಕೇಳುತ್ತ ಹೋದ ಹಾಗೆ ನನಗೆ ಅನ್ನಿಸಿದ್ದು ಇಷ್ಟು: ಆತ ಶೇಖರಿಸಿಡಲು ರೆಕಾರ್ಡು ಮಾಡಲಿಲ್ಲ, ತನ್ನನ್ನು ಒಂದೊಂದು ಸಲ ಒಂದೊಂದು ಇಕ್ಕಟ್ಟಿಗೆ ಸಿಕ್ಕಿಸಿಕೊಳ್ಳಲು ಮಾಡಿದ.

1966ರಲ್ಲಿ ಲಂಡನ್ನಿಗೆ ಬಂದ ಬೈಲಿ, ಜಾನ್ ಸ್ಟೀವನ್ಸ್‌ನ ಬಳಗ ಸೇರಿದ. ಆ ಬಳಗದ 1968ರ ರೆಕಾರ್ಡಿನ ಹೆಸರು 'ಕಾರ್ಯೋಬಿನ್', ಜಪಾನೀಯರ ಕಲ್ಪನೆಯಲ್ಲಿ ಸ್ವರ್ಗದಲ್ಲಿರುವ ಹಕ್ಕಿ. ಆ ಪದದ ಬೇರು ಸಂಸ್ಕೃತದ 'ಕಲವಿಂಕ', ನಮ್ಮ ಗುಬ್ಬಿ. ಗುಬ್ಬಿ ಜಪಾನಿಗೆ ಹಾರಿ ಸ್ವರ್ಗದ ಪಕ್ಷಿಯಾಗಿ, ಅಲ್ಲಿಂದ ಲಂಡನ್ನಿನ ಎಲ್‌ಪಿಯ ಮೇಲೆ ಕೂತಿತು.

1970ರಲ್ಲಿ ಆಕ್ಸ್‌ಲಿ ಮತ್ತು ಸ್ಯಾಕ್ಸೋಫೋನಿನ ಇವಾನ್ ಪಾರ್ಕರ್ ಜೊತೆ ಸೇರಿ ಇನ್ಕಸ್ ಎಂಬ ಕಂಪನಿ ಹುಟ್ಟುಹಾಕಿದ. ಸಂಗೀತಗಾರರೇ ಒಡೆಯರು. ಮೊದಲ ಎಲ್‌ಪಿ 'ದಿ ಟೊಪೋಗ್ರಫಿ ಆಫ್ ದಿ ಲಂಗ್ಸ್': ಪಾರ್ಕರ್, ಬೈಲಿ, ನೆದರ್‌ಲೆಂಡ್ಸಿನ ಡ್ರಮ್ಮರ್ ಹಾನ್ ಬೆನಿಂಕ್. ಇಂದು ಕೇಳಿದರೂ ಎದೆ ಝಲ್ಲೆನ್ನುವ ರಭಸ. 1971ರ 'ಸೋಲೋ ಗಿಟಾರ್' ಅದಕ್ಕೆ ತೀರಾ ವಿರುದ್ಧ. ಒಂದು ಬದಿ ಬೈಲಿಯ ಆಶುವಾದನ, ಇನ್ನೊಂದು ಬದಿ ಬೇರೆಯವರು ಬರೆದುಕೊಟ್ಟ ಕೃತಿಗಳು. ಅವುಗಳಲ್ಲಿ ಹಳೆಯ ಗೆಳೆಯ ಬ್ರಯರ್ಸ್‌ನದೂ ಒಂದು. ಒಬ್ಬನೇ ಎರಡು ಗಿಟಾರುಗಳನ್ನು ಮಲಗಿಸಿಟ್ಟು ಒಟ್ಟಿಗೆ ನುಡಿಸಬೇಕು. ಬ್ರಯರ್ಸ್ ಅಷ್ಟರಲ್ಲಿ ಆಶುವಾದನವನ್ನೇ ಬಿಟ್ಟಿದ್ದ. ನುಡಿಸುವವನನ್ನೂ ಸಂಗೀತವನ್ನೂ ಬೇರ್ಪಡಿಸಲು ಅದರಲ್ಲಿ ಆಗುವುದಿಲ್ಲ ಎಂಬುದು ಅವನ ಆಕ್ಷೇಪ. ಬೈಲಿ ತನ್ನ ಪುಸ್ತಕದಲ್ಲಿ ಈ ಆಕ್ಷೇಪವನ್ನು ಕತ್ತರಿಸದೆ ಹಾಕಿಕೊಂಡಿದ್ದಾನೆ. ಎದುರಾಳಿಯ ಮಾತಿಗೆ ಇಷ್ಟು ಜಾಗ ಕೊಡುವವರು ಕಡಿಮೆ.

1980ರಲ್ಲಿ ಬಂದ ಆ ಪುಸ್ತಕ, ಆಶುವಾದನದ ಸ್ವರೂಪ ಮತ್ತು ರೂಢಿಯ ಬಗ್ಗೆ, ನಮ್ಮ ಓದುಗರಿಗೆ ಹತ್ತಿರದ್ದು. ಶುರುವಾಗುವುದೇ ಭಾರತೀಯ ಸಂಗೀತದಿಂದ. ಲಂಡನ್ನಿನ ಸಿತಾರ್ ವಾದಕ ವಿರಾಮ್ ಜಸಾನಿಯ ಜೊತೆ ಕೂತು, ರಾಗ ಎಂದರೇನು, ಗುರುವಿನಿಂದ ಕಲಿತದ್ದು ಎಷ್ಟು, ವೇದಿಕೆಯಲ್ಲಿ ಹುಟ್ಟುವುದು ಎಷ್ಟು ಎಂದು ವಿಚಾರಿಸುತ್ತಾನೆ. ಆಮೇಲೆ ಫ್ಲಮೆಂಕೋ, ಬರೋಕ್, ಚರ್ಚಿನ ಆರ್ಗನ್, ರಾಕ್, ಜಾಜ್. ಇವೆಲ್ಲಕ್ಕೂ ಒಂದು ನುಡಿಗಟ್ಟು ಇದೆ, ಅದರೊಳಗೆ ಸ್ವಾತಂತ್ರ್ಯ ಇದೆ. ತಾನು ಮಾಡುವುದಕ್ಕೆ ಅಂಥ ನುಡಿಗಟ್ಟೇ ಇಲ್ಲ ಎಂಬುದು ಅವನ ವಾದ.

ಇಲ್ಲಿ ನನ್ನ ತಕರಾರು ಇದೆ. ಪುಣೆಯಲ್ಲೋ ಮುಂಬೈಯಲ್ಲೋ ರಾತ್ರಿಯ ಬೈಠಕ್ ಕೇಳಿದವರಿಗೆ, ಚೆನ್ನೈನ ಡಿಸೆಂಬರ್ ಕಛೇರಿಗಳಲ್ಲಿ ಮನೋಧರ್ಮ ಎಂಬ ಪದ ದಿನಕ್ಕೆ ಹತ್ತು ಸಲ ಕೇಳಿದವರಿಗೆ, ಬೈಲಿಯ ಹತ್ತು ರೆಕಾರ್ಡು ಸಾಕು. ಹನ್ನೊಂದನೆಯದನ್ನು ಎರಡು ಸ್ವರದಲ್ಲಿ ಗುರುತಿಸುತ್ತೀರಿ. ದೂರದೂರದ ಸ್ವರಾಂತರಗಳು, ಒತ್ತಿದ ಸ್ವರದ ಬೆನ್ನಿಗೇ ಹಾರ್ಮೋನಿಕ್ಸ್, ಪೆಡಲಿನಿಂದ ಉಬ್ಬಿಸಿ ಇಳಿಸುವ ನಾದ, ಠಕ್ಕನೆ ಕಡಿದ ಕೊನೆ. ಇದು ನುಡಿಗಟ್ಟಲ್ಲದೆ ಮತ್ತೇನು? ಒಬ್ಬನೇ ಇರುವ ಘರಾನೆ ಎನ್ನಬಹುದು. ಬೈಲಿಗೂ ಈ ಅಪಾಯ ಗೊತ್ತಿತ್ತು ಎಂದು ನನ್ನ ಊಹೆ. ಇಲ್ಲವಾದರೆ ಅಷ್ಟೊಂದು ಅಪರಿಚಿತರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಅದಕ್ಕೆಂದೇ 1976ರಲ್ಲಿ 'ಕಂಪನಿ' ಶುರುಮಾಡಿದ. ಅದು ಖಾಯಂ ತಂಡವಲ್ಲ. ಮರುವರ್ಷದಿಂದ ಲಂಡನ್ನಿನಲ್ಲಿ ಕಂಪನಿ ವಾರ: ಜೊತೆಗೆ ಹೆಚ್ಚು ನುಡಿಸದವರನ್ನು ಕರೆಸಿ, ಇಂದು ಇವರಿಬ್ಬರು, ನಾಳೆ ಆ ಮೂವರು ಎಂದು ವೇದಿಕೆಗೆ ದೂಡುವುದು. 1991ರ ಕಂಪನಿಗೆ ನ್ಯೂಯಾರ್ಕಿನ ಜಾನ್ ಜಾರ್ನ್ ಬಂದ. ಮುಖವಾಡ ತೊಟ್ಟು, ತಲೆಯ ಮೇಲೆ ಕೋಳಿ ಮಾರುವ ಬಕೆಟ್ಟು ಕವುಚಿಕೊಳ್ಳುವ ಗಿಟಾರಿನ ಬಕೆಟ್‌ಹೆಡ್ ಬಂದ. ಪಿಟೀಲಿನ ಅಲೆಕ್ಸಾಂಡರ್ ಬಲನೆಸ್ಕು ಬಂದ. ಅವರ ನಡುವೆ ಅರುವತ್ತು ದಾಟಿದ ಬೈಲಿ, ಬ್ಯಾಂಕಿನಿಂದ ನಿವೃತ್ತನಾದ ಗೃಹಸ್ಥನ ಹಾಗೆ ಕಾಣುವವನು.

ಎಂಬತ್ತರ ದಶಕದಲ್ಲಿ ಪಾರ್ಕರ್ ಜೊತೆ ಜಗಳವಾಯಿತು. ಪಾರ್ಕರ್ ಇನ್ಕಸ್ ಬಿಟ್ಟ. ಇಬ್ಬರೂ ಹೆಚ್ಚೇನೂ ಹೇಳಲಿಲ್ಲ, ಮತ್ತೆ ಒಟ್ಟಿಗೆ ನುಡಿಸಲೂ ಇಲ್ಲ. 'ಟೊಪೋಗ್ರಫಿ' ಅಂಗಡಿಗಳಿಂದ ಮಾಯವಾಯಿತು.

ಆಲ್ಬಮ್‌ಗಳಲ್ಲಿ ನನಗೆ ಪ್ರಿಯವಾದ ಎರಡು 1980ರವು. 'ಐಡಾ' ಎಂಬ ಹೆಸರು ನೋಡಿ ವೆರ್ಡಿಯ ಆಪೆರಾ ಎಂದುಕೊಳ್ಳಬೇಡಿ. ಬೈಲಿಯನ್ನು ಜಪಾನಿಗೆ ಕರೆಸಿಕೊಂಡು, ಅಷ್ಟರಲ್ಲೇ ತೀರಿಕೊಂಡ ವಿಮರ್ಶಕ ಐಡಾನ ನೆನಪಿಗೆ ಅರ್ಪಿಸಿದ್ದು ಅದು. ಪ್ಯಾರಿಸ್ ಮತ್ತು ಲಂಡನ್ನಿನ ಒಂಟಿ ಕಛೇರಿಗಳು. ಆತನ ಏಕವಾದನಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಇನ್ನೊಂದು 'ಮ್ಯೂಸಿಕ್ ಅಂಡ್ ಡಾನ್ಸ್', ಜಪಾನಿನ ನೃತ್ಯಗಾರ ಮಿನ್ ತನಾಕಾ ಜೊತೆ. ಪ್ಯಾರಿಸ್ಸಿನ ಹಳೆಯ ಕುಲುಮೆಯೊಂದರಲ್ಲಿ ಪ್ರದರ್ಶನ. ನೃತ್ಯ ನಮಗೆ ಕಾಣುವುದಿಲ್ಲ. ನೆಲದ ಮೇಲೆ ಸರಿದಾಡುವ ಮೈಯ ಸಪ್ಪಳ ಆಗೊಮ್ಮೆ ಈಗೊಮ್ಮೆ. ನಡುವೆ ಗಾಜಿನ ಮಾಡಿನ ಮೇಲೆ ಮಳೆ ಸುರಿಯತೊಡಗುತ್ತದೆ. ಗಿಟಾರು ಮಳೆಗೆ ದಾರಿ ಬಿಡುತ್ತದೆ, ಮತ್ತೆ ಅದರೊಳಕ್ಕೆ ಇಳಿಯುತ್ತದೆ. ಟೇಪಿಗೆ ಕೋಣೆ ಬರುವುದಿಲ್ಲ ಎಂಬ ಬೈಲಿಯ ವಾದವನ್ನು ಬೈಲಿಯ ರೆಕಾರ್ಡೇ ಸೋಲಿಸಿದ್ದು ಇಲ್ಲಿ ಎಂದು ನನಗನ್ನಿಸುತ್ತದೆ.

ತೊಂಬತ್ತರ ದಶಕದಲ್ಲಿ ಲಂಡನ್ನಿನ ಹ್ಯಾಕ್ನಿಯ ಮನೆಯಲ್ಲಿ ಕಳ್ಳ ರೇಡಿಯೋ ಸ್ಟೇಷನ್ನುಗಳ ಜಂಗಲ್ ಸಂಗೀತ ಹಾಕಿಕೊಂಡು ಅದರ ಜೊತೆ ಸಾಧನೆ ಮಾಡುತ್ತಿದ್ದ. ಹುಡುಗರು ಕುಣಿಯುವ, ಮಿಷಿನ್ನಿನಿಂದ ಹೊರಡುವ ಓಟದ ಡ್ರಮ್ಮು. ಅದು ಜಾರ್ನ್ ಕಿವಿಗೆ ಬಿದ್ದು 1996ರಲ್ಲಿ 'ಗಿಟಾರ್, ಡ್ರಮ್ಸ್ ಅಂಡ್ ಬೇಸ್' ಬಂತು, ಡಿಜೆ ನಿಂಜ್ ಕೊಟ್ಟ ತಾಳಗಳ ಮೇಲೆ. ಎಲ್ಲರೂ ಹೊಗಳುವ ರೆಕಾರ್ಡು. ನನಗೆ ಅರ್ಧ ತೃಪ್ತಿ. ಮೊದಲೇ ಮುದ್ರಿಸಿದ ತಾಳ ಬೈಲಿಗೆ ಉತ್ತರ ಕೊಡುವುದಿಲ್ಲ. ಅದಕ್ಕಿಂತ ಚೀನೀ ಪೀಪಾದ ಮಿನ್ ಷಿಯಾವ್‌ಫೆನ್ ಜೊತೆಗಿನ 'ವೈಪರ್' ಕೇಳಿ. ಪ್ಯಾಟ್ ಮೆಥೆನಿಯಂಥ ಜನಪ್ರಿಯ ಗಿಟಾರಿಗನೊಂದಿಗೂ ಮೂರು ಸಿ.ಡಿ.ಯಷ್ಟು ಗಲಾಟೆ ಇದೆ, ವ್ಯವಧಾನ ಇದ್ದವರಿಗೆ. 2002ರಲ್ಲಿ ಬ್ಯಾಲಡ್ಸ್, ಅದೂ ಜಾರ್ನ್‌ನ ಒತ್ತಾಯ. ಐವತ್ತು ವರ್ಷ ಹಿಂದೆ ಸಂಬಳಕ್ಕೆ ನುಡಿಸಿದ ಹಾಡುಗಳ ಕಡೆಗೆ ಆತ ತಿರುಗಿ ನೋಡಿದ್ದು ಅಲ್ಲಿ. ಎಲ್ಲರಿಗಿಂತ ಅಪರಿಚಿತ ಜೊತೆಗಾರ ಅವನ ಹಳೆಯ ಕಸುಬೇ ಆಗಿತ್ತು.

ಬಳಿಕ ಬಾರ್ಸಿಲೋನಾಕ್ಕೆ ಹೋಗಿ ನೆಲೆಸಿದ. ಬಲಗೈ ಮಾತು ಕೇಳದಾಯಿತು. ಮಣಿಕಟ್ಟಿನ ನರ ಅದುಮಿಹೋಗುವ ಕಾರ್ಪಲ್ ಟನಲ್ ಎಂಬ ತೊಂದರೆ ಎಂದರು. ಶಸ್ತ್ರಚಿಕಿತ್ಸೆ ಬೇಡವೆಂದ. ಪಿಕ್ ಹಿಡಿಯಲು ಆಗುವುದಿಲ್ಲವಾದರೆ ಹೆಬ್ಬೆರಳಿನಿಂದ ನುಡಿಸಲು ಹೊಸದಾಗಿ ಕಲಿಯುವುದು, ಆ ಕಲಿಕೆಯನ್ನೇ ರೆಕಾರ್ಡು ಮಾಡುವುದು. 2005ರ 'ಕಾರ್ಪಲ್ ಟನಲ್' ಆಲ್ಬಮ್ಮಿನ ಮೊದಲ ಭಾಗದಲ್ಲಿ ನುಡಿಸುತ್ತ ನುಡಿಸುತ್ತ ಮಾತಾಡುತ್ತಾನೆ. ಕೈಗೆ ಏನಾಗಿದೆ, ಪಿಕ್ ಯಾಕಿಲ್ಲ ಎಂದು ಗೆಳೆಯನಿಗೆ ಕಾಗದ ಬರೆದ ಹಾಗೆ, ದೂರಿಲ್ಲದೆ. ಉಳಿದ ಐದು ತುಣುಕುಗಳ ಹೆಸರು ವಾರಗಳ ಲೆಕ್ಕ: ಮೂರು ವಾರದ ಮೇಲೆ, ಐದು, ಏಳು, ಒಂಬತ್ತು, ಹನ್ನೆರಡು. ಹಳೆಯ ಚುರುಕು ಇಲ್ಲ. ಸ್ವರಗಳು ಮೆತ್ತಗಾಗಿವೆ, ನಡುವಿನ ಬಿಡುವು ಹಿಗ್ಗಿದೆ. ಕೈ ಎಲ್ಲಿಗೆ ಹೋಗಬಲ್ಲದು ಎಂದು ಕೈಯನ್ನೇ ಕೇಳುತ್ತಿದ್ದಾನೆ. ಶೆಫೀಲ್ಡಿನ ಮಹಡಿಯಲ್ಲಿ ಬೇಕೆಂದೇ ಬಿಟ್ಟುಕೊಟ್ಟದ್ದರ ಮುಂದಿನ ಕಂತು ಇದು, ಈ ಸಲ ಕೇಳದೆ ಬಂದದ್ದು.

ರೋಗ ಕಾರ್ಪಲ್ ಟನಲ್ ಆಗಿರಲಿಲ್ಲ. ಮೋಟರ್ ನ್ಯೂರಾನ್ ರೋಗ ಎಂದು ಆಮೇಲೆ ಗೊತ್ತಾಯಿತು. 2005ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ, ಬೈಲಿ ಲಂಡನ್ನಿನಲ್ಲಿ ತೀರಿಕೊಂಡ. ಆಗ ವಯಸ್ಸು 75. ಮರುವರ್ಷ ಇವಾನ್ ಪಾರ್ಕರ್ 'ಟೊಪೋಗ್ರಫಿ ಆಫ್ ದಿ ಲಂಗ್ಸ್'ಅನ್ನು ತನ್ನ ಲೇಬಲ್ಲಿನಿಂದ ಮತ್ತೆ ಹೊರತಂದ. ಅದರಲ್ಲಿ ಇಬ್ಬರೂ ಇನ್ನೂ ಜಗಳವಾಡಿಲ್ಲ; ಬೈಲಿಗೆ ನಲವತ್ತು, ಪಾರ್ಕರ್‌ಗೆ ಇಪ್ಪತ್ತಾರು.