ಮಂಡಲನಕ್ಷೆಯ ತಂತ್ರಾಂಶಗಳು: ಒಂದು ಚಾರಿತ್ರಿಕ ವಿವೇಚನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ವಿದ್ಯಾರ್ಥಿಗೆ ಎಲೆಕ್ಟ್ರಾನಿಕ್ ಮಂಡಲಗಳ ನಕ್ಷೆ ಬರೆಯಲು ಮೊದಲು ಯಾವ ತಂತ್ರಾಂಶವನ್ನು ಕೊಡಬೇಕು? ಪ್ರಶ್ನೆಯು ಪ್ರಯೋಗಶಾಲೆಗೆ ಸೇರಿದುದಾಗಿ ತೋರಿದರೂ, ಈ ಉಪಕರಣಗಳ ಚರಿತ್ರೆಯನ್ನು ತಿಳಿಯದೆ ಅದಕ್ಕೆ ಸಮರ್ಪಕವಾದ ಉತ್ತರ ದೊರೆಯಲಾರದೆಂದು ನಮ್ಮ ಅಭಿಪ್ರಾಯ.

1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಲಾರೆನ್ಸ್ ನೇಗಲ್ ಮತ್ತು ಅವರ ಗುರು ಡೊನಾಲ್ಡ್ ಪೆಡರ್‌ಸನ್ ಹೊರತಂದ ಸ್ಪೈಸ್, ಮಂಡಲದ ಗಣಿತವನ್ನು ಬಿಡಿಸುತ್ತಿತ್ತು, ಚಿತ್ರವನ್ನು ಅರಿಯದು. ಯಾವ ರೋಧಕವು ಯಾವ ಎರಡು ಬಿಂದುಗಳ ನಡುವೆ ಇದೆಯೆಂಬುದನ್ನು ಸಾಲುಸಾಲಾಗಿ ಬರೆದುಕೊಡಬೇಕಾಗಿತ್ತು. 1992ರಲ್ಲಿ ಫ್ರಾನ್ಸಿನ ಗ್ರೆನೊಬಲ್‌ನ ಅಧ್ಯಾಪಕ ಜೀನ್-ಪಿಯರ್ ಶಾರಾ ಅವರು ಕೀಕ್ಯಾಡ್ ಅನ್ನು ಆರಂಭಿಸಿದರು. 2007ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನ ವಿದ್ಯಾಸಂಸ್ಥೆಯೊಂದರಲ್ಲಿ ಫ್ರಿಟ್ಜಿಂಗ್ ಹುಟ್ಟಿತು. ಮುಂಬಯಿಯ ಐ.ಐ.ಟಿ.ಯು ಕೀಕ್ಯಾಡನ್ನೂ ಸ್ಪೈಸ್ ಸಂತತಿಯ ಎನ್‌ಜಿಸ್ಪೈಸನ್ನೂ ಕೂಡಿಸಿ, ಮೊದಲು ಆಸ್ಕ್ಯಾಡ್ ಎಂದೂ ಅನಂತರ ಇಸಿಮ್ ಎಂದೂ ಹೆಸರಾದ ಉಪಕರಣವನ್ನು ರಚಿಸಿತು. ಈ ನಾಲ್ಕೂ ವಿದ್ಯಾಲಯಗಳ ಅಂಗಳದಲ್ಲಿಯೇ ಬೆಳೆದುವೆಂಬುದು ಗಮನಾರ್ಹ.

ವಾಣಿಜ್ಯ ತಂತ್ರಾಂಶಗಳ ಗತಿ ಬೇರೆ. 1988ರಲ್ಲಿ ಬಂದ ಈಗಲ್, ಹವ್ಯಾಸಿಗಳಿಗೆ ಬಹುಕಾಲ ಪ್ರಿಯವಾಗಿತ್ತು. 2016ರಲ್ಲಿ ಅದು ಆಟೋಡೆಸ್ಕ್ ಸಂಸ್ಥೆಯ ಕೈಸೇರಿತು. ಅದನ್ನು 2026ರಲ್ಲಿ ನಿಲ್ಲಿಸುವುದಾಗಿ ಆ ಸಂಸ್ಥೆ 2023ರಲ್ಲಿ ಪ್ರಕಟಿಸಿತು. ಕೀಕ್ಯಾಡಿನ 2018ರ ಆವೃತ್ತಿಯು ಈಗಲ್ ಕಡತಗಳನ್ನು ಓದಬಲ್ಲುದಾದುದರಿಂದ ಅನೇಕರ ಶ್ರಮ ಉಳಿಯಿತು. ಬರೆದ ನಕ್ಷೆಯು ಉಳಿಯಬೇಕಾದರೆ ಅದನ್ನು ತೆರೆಯುವ ಸಾಧನವೂ ನಮ್ಮ ಕೈಯಲ್ಲಿರಬೇಕು.

ಈ ಮಾತು ವಿಜಯಪುರ ಜಿಲ್ಲೆಗೆ ಹೊಸದಲ್ಲ. ವಚನಗಳ ಓಲೆಪ್ರತಿಗಳನ್ನು ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು ಅವುಗಳ ಪ್ರಕಟಣೆಗೆಂದು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು 1980ರಿಂದ ಇದೇ ಜಿಲ್ಲೆಯಲ್ಲಿ ನಡೆಯುತ್ತಿದೆ.

ಇನ್ನು ಆಯ್ಕೆಯ ವಿಚಾರ. ಟಿಂಕರ್‌ಕ್ಯಾಡ್ ಹಣ ಕೇಳದು, ಆದರೆ ಅಂತರ್ಜಾಲವಿಲ್ಲದೆ ನಡೆಯದು. ಮೇಲಾಗಿ ಅದೂ ಆಟೋಡೆಸ್ಕ್‌ನದೇ. ಫ್ರಿಟ್ಜಿಂಗ್ ಬ್ರೆಡ್‌ಬೋರ್ಡಿನ ಮೇಲಿನ ತಂತಿಗಳನ್ನು ಇದ್ದಂತೆಯೇ ತೋರಿಸಿ, ಅದೇ ಮಂಡಲದ ಸಂಕೇತನಕ್ಷೆಯನ್ನೂ ಪಕ್ಕದಲ್ಲಿ ಒದಗಿಸುತ್ತದೆ. ಕಣ್ಣಿಗೆ ಕಾಣುವ ತಂತಿಯಿಂದ ಸಂಕೇತಕ್ಕೆ ದಾಟುವ ಮೊದಲ ವಾರಗಳಿಗೆ ಅದು ಉತ್ತಮ. ಆದರೆ ಅದರ ಮೂಲವು ಮುಕ್ತವಾಗಿದ್ದರೂ ಸಿದ್ಧರೂಪಕ್ಕೆ ಅಲ್ಪಮೊತ್ತವನ್ನು ತೆರಬೇಕು. ಕೀಕ್ಯಾಡ್ ಕಠಿನವೆಂಬ ಆಕ್ಷೇಪವಿದೆ. ಆ ಕಾಠಿಣ್ಯವು ಬಹುಮಟ್ಟಿಗೆ ಮುದ್ರಿತ ಫಲಕದ ವಿನ್ಯಾಸಕ್ಕೆ ಸೇರಿದುದು. ನಕ್ಷೆಯ ಭಾಗವೊಂದನ್ನೇ ಪ್ರತ್ಯೇಕವಾಗಿ ಕಲಿಸಿದರೆ ಆರಂಭಿಕನಿಗೂ ಅದು ಸುಲಭಸಾಧ್ಯ. ಒಮ್ಮೆ ಸ್ಥಾಪಿಸಿದ ಮೇಲೆ ಅಂತರ್ಜಾಲವೂ ಬೇಡ, ಶುಲ್ಕವೂ ಇಲ್ಲ. ಗಣಿತಪರೀಕ್ಷೆ ಬೇಕಾದಾಗ ಇಸಿಮ್‌ಗೆ ಮುಂದುವರಿಯಬಹುದು.

ಆದುದರಿಂದ ಮೊದಲ ಪಾಠ ಕಾಗದ ಪೆನ್ಸಿಲಿನಲ್ಲಿ, ಅನಂತರದ ಅಭ್ಯಾಸ ಕೀಕ್ಯಾಡಿನಲ್ಲಿ ನಡೆಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಇಂದಿನ ಸೌಲಭ್ಯವೊಂದನ್ನೇ ನೋಡಿ ಆರಿಸಿದರೆ ವಿದ್ಯಾರ್ಥಿಯ ಐದು ವರ್ಷಗಳ ನಕ್ಷೆಗಳು ಪರರ ನಿರ್ಧಾರಕ್ಕೆ ಅಧೀನವಾಗುವುವು. ಆ ಹೊಣೆಯು ಆರಿಸುವ ಅಧ್ಯಾಪಕನದು.