ಉಣ್ಣುವ ಗಂಜಿ, ನೂಲಿನ ಗಂಜಿ

ನಾನು ಚಿಕ್ಕವನಿದ್ದಾಗ ಕಮತಗಿಯ ನೇಕಾರರ ಓಣಿಯಲ್ಲಿ ಹೊತ್ತು ಮೂಡುವ ಮುನ್ನವೇ ಒಂದು ಕೆಲಸ ಮೊದಲಾಗುತ್ತಿತ್ತು. ಹಾಸಿನ ಎಳೆಗಳನ್ನು ಓಣಿಯುದ್ದಕ್ಕೂ ಬಿಗಿದು ಕಟ್ಟಿ, ಎರಡು ಮಗ್ಗುಲಿಗೂ ನಿಂತವರು ಕುಂಚದಿಂದ ಗಂಜಿ ಸವರುತ್ತಿದ್ದರು. ಬಿಸಿಲೇರಿದರೆ ಗಂಜಿ ಬೇಗನೆ ಒಣಗಿ ಎಳೆಗೆ ಎಳೆ ಹತ್ತಿಬಿಡುವುದು. ಅದಕ್ಕೇ ಆ ಅವಸರ. ಆ ಗಂಜಿಯಲ್ಲಿದ್ದುದು ಮೂರೇ ವಸ್ತು: ನೀರು, ಹಿಟ್ಟು, ನಾಲ್ಕು ಹನಿ ಎಣ್ಣೆ. ಅದೇ ಹೊತ್ತಿಗೆ ಮನೆಯೊಳಗೆ ಒಲೆಯ ಮೇಲೆ ಮತ್ತೊಂದು ಗಂಜಿ ಕುದಿಯುತ್ತಿತ್ತು. ಒಂದು ನೂಲಿಗೆ, ಒಂದು ಹೊಟ್ಟೆಗೆ.

ಈ ಎರಡರ ನಂಟನ್ನು ರಸಾಯನಶಾಸ್ತ್ರಜ್ಞರು ಕಂಡುಕೊಂಡ ಕಥೆ ಸ್ವಾರಸ್ಯವಾದುದು. ನೆಪೋಲಿಯನ್ನನ ಯುದ್ಧಗಳಿಂದ ಯೂರೋಪಿನಲ್ಲಿ ಕಬ್ಬಿನ ಸಕ್ಕರೆ ದುರ್ಲಭವಾಗಿದ್ದ ಕಾಲವದು. 1811ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಿರ್ಖೋಫ್ ಎಂಬಾತನು ಪಿಷ್ಟವನ್ನು ನೀರಿನಲ್ಲಿ ಕಲಸಿ, ತುಸು ಗಂಧಕಾಮ್ಲ ಬೆರೆಸಿ ಕುದಿಸಿದನು. ಗಂಜಿ ಸಿಹಿಯಾಯಿತು! ಎಂಟು ವರ್ಷಗಳ ಮೇಲೆ, 1819ರಲ್ಲಿ, ಫ್ರಾನ್ಸಿನ ಬ್ರಾಕೊನೊ ಎಂಬವನು ಅಗಸೆನಾರಿನ ಹಳೆಯ ಚಿಂದಿಬಟ್ಟೆಯನ್ನು ಅದೇ ಆಮ್ಲಕ್ಕೆ ಒಡ್ಡಿ, ಅದರಿಂದಲೂ ಸಕ್ಕರೆ ತೆಗೆದನು. ಉಟ್ಟು ಹರಿದ ಬಟ್ಟೆಯಿಂದ ಸಕ್ಕರೆಯೆಂದರೆ ಅಂದಿನವರು ಎಷ್ಟು ಬೆರಗಾಗಿರಬೇಕು! 1838ರಲ್ಲಿ ಪಾಯೆನ್ ಎಂಬ ವಿದ್ವಾಂಸನು ಗಿಡಮರಗಳ ಒಡಲನ್ನು ಕಟ್ಟಿರುವ ಆ ವಸ್ತುವನ್ನು ಬೇರ್ಪಡಿಸಿ ‘ಸೆಲ್ಯುಲೋಸ್’ ಎಂದು ಹೆಸರಿಟ್ಟನು. ನಮ್ಮ ಹತ್ತಿಯ ಅರಳೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಇರುವುದು ಅದೇ.

ಹಾಗಾದರೆ ಅರಿವೆಯನ್ನು ಏಕೆ ಉಣ್ಣಲಾಗದು? ಹಿಟ್ಟೂ ನೂಲೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರಗಳು. ಭೇದವಿರುವುದು ಪೋಣಿಸಿದ ರೀತಿಯಲ್ಲಿ. ಪಿಷ್ಟದ ಸರದಲ್ಲಿ ಮಣಿಗಳೆಲ್ಲ ಒಂದೇ ಮಗ್ಗುಲಾಗಿ ಕೂತಿರುವುದರಿಂದ ಸರ ಸುರುಳಿಯಾಗುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಮಣಿ ತಿರುವುಮುರುವಾಗಿರುವುದರಿಂದ ಸರ ನೆಟ್ಟಗಾಗಿ, ಪಕ್ಕದ ಸರಗಳೊಡನೆ ಬಿಗಿಯಾಗಿ ಕೂಡಿಕೊಳ್ಳುತ್ತದೆ. ನಮ್ಮ ಜೊಲ್ಲು, ಕರುಳುಗಳ ರಸ ಮೊದಲನೆಯ ಗಂಟನ್ನು ಬಿಚ್ಚಬಲ್ಲದು, ಎರಡನೆಯದನ್ನು ಬಿಚ್ಚಲಾರದು. ಜೋಳದ ತೆನೆ ನಮಗೆ, ಕಣಿಕೆ ಎತ್ತಿಗೆ ಎಂದು ಒಕ್ಕಲಿಗನು ಮಾಡಿಕೊಂಡ ಪಾಲಿನ ಹಿಂದೆ ಇದೇ ಗುಟ್ಟಿದೆ. ಎತ್ತಿಗಾದರೂ ಸ್ವಂತ ಶಕ್ತಿಯಿಲ್ಲ. ಅದರ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಆ ಗಂಟನ್ನು ಬಿಚ್ಚಿಕೊಡುತ್ತವೆ.

ಇಲ್ಲಿ ಪಂಡಿತನಾದವನು ಒಂದು ಮಾತು ಹೇಳದೆ ಇರಲಾರ. ಕಾರ್ಬೋಹೈಡ್ರೇಟ್ ಎಂಬ ಪರಭಾಷೆಯ ಹೆಸರಿಗೆ ‘ನೀರುಗೂಡಿದ ಇಂಗಾಲ’ ಎಂದರ್ಥ. ಅದು ಲೆಕ್ಕಕ್ಕೆ ಒಪ್ಪಿದರೂ ವಸ್ತುವಿಗೆ ಒಪ್ಪುವುದಿಲ್ಲ. ಸಕ್ಕರೆಯೊಳಗೆ ನೀರು ನೀರಾಗಿ ಕೂತಿಲ್ಲ. ನಮ್ಮವರು ಟಂಕಿಸಿದ ‘ಶರ್ಕರಪಿಷ್ಟ’ವೇ ಮೇಲು. ಸಕ್ಕರೆಯೂ ಹಿಟ್ಟೂ ಒಂದೇ ಮನೆತನವೆಂಬುದನ್ನು ಆ ಪದ ತನ್ನೊಳಗೇ ಇಟ್ಟುಕೊಂಡಿದೆ.

ಮತ್ತೆ ಗಂಜಿಗೆ ಬರೋಣ. ತಣ್ಣೀರಿನಲ್ಲಿ ಹಿಟ್ಟು ಕರಗದು, ತಳಕ್ಕೆ ಇಳಿಯುತ್ತದೆ. ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ಕಾವು ತಾಗಿದಾಗ ನೀರು ಪಿಷ್ಟದ ಕಣದೊಳಗೆ ನುಗ್ಗುತ್ತದೆ. ಕಣ ಉಬ್ಬುತ್ತದೆ, ಒಡೆಯುತ್ತದೆ, ಸರಗಳು ಹೊರಚೆಲ್ಲಿ ನೀರನ್ನು ಹಿಡಿದುಕೊಳ್ಳುತ್ತವೆ. ಆ ಸರಗಳು ನೂಲಿನ ಸೆಲ್ಯುಲೋಸಿಗೆ ದಾಯಾದಿಗಳಾದ್ದರಿಂದ ಅದನ್ನು ಚೆನ್ನಾಗಿ ಅಂಟಿಕೊಂಡು, ಎಳೆಗೆ ಕವಚವಾಗಿ ಒಣಗುತ್ತವೆ. ಬರಿಯ ಕವಚ ಪೆಡಸು. ಮಗ್ಗದ ಬಡಿತಕ್ಕೆ ಸೀಳೀತು. ಎಣ್ಣೆ ಅದನ್ನು ಮೆದುಮಾಡಿ ಜಾರುವಂತೆ ಮಾಡುತ್ತದೆ. ಎಣ್ಣೆಯ ಮರ್ಮವನ್ನು ತಿಳಿದವನು ಫ್ರಾನ್ಸಿನ ಶೆವ್ರಲ್. ಕೊಬ್ಬೆಂದರೆ ಗ್ಲಿಸರಿನ್ನಿಗೆ ಮೇದಾಮ್ಲಗಳು ಕೂಡಿ ಆದದ್ದೆಂಬುದನ್ನು ಅವನು 1823ರ ತನ್ನ ಗ್ರಂಥದಲ್ಲಿ ವಿಶದಪಡಿಸಿದನು. ಮರುವರ್ಷವೇ ಅವನು ಪ್ಯಾರಿಸಿನ ಗೊಬೆಲಾಂ ನೇಯ್ಗೆಶಾಲೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾದನೆಂದರೆ ನಮ್ಮೂರವರಿಗೆ ಸಂತೋಷವಾದೀತು. ಆ ಪುಣ್ಯಾತ್ಮ 102 ವರ್ಷ ಬಾಳಿದನು.

ನಮ್ಮ ಮೈಯಲ್ಲಿಯೂ ಈ ಮೂರರ ಕಣಜವುಂಟು. ಪ್ರಾಣಿಯ ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಪಿಷ್ಟ ಕೂಡಿಟ್ಟಿರುವುದನ್ನು 1857ರಲ್ಲಿ ಕ್ಲೋಡ್ ಬರ್ನಾರನು ಬೇರ್ಪಡಿಸಿ ತೋರಿಸಿದನು. ಅದು ತನ್ನ ತೂಕದ ಸುಮಾರು ಮೂರರಷ್ಟು ನೀರನ್ನು ಹಿಡಿದಿರುವುದರಿಂದ ಭಾರವಾದ ದಾಸ್ತಾನು; ಉಪವಾಸ ಬಿದ್ದರೆ ಯಕೃತ್ತಿನ ಪಾಲು ಸುಮಾರು ಒಂದು ದಿನಕ್ಕೆ ತೀರುತ್ತದೆ. ಆಮೇಲೆ ಕೊಬ್ಬು ಕರಗಬೇಕು. ಅದು ತೂಕಕ್ಕೆ ತೂಕ ಪಿಷ್ಟದ ಇಮ್ಮಡಿಗೂ ಮಿಕ್ಕ ಶಕ್ತಿ ಕೊಡುತ್ತದೆ. ಅದೂ ತೀರಿದರೆ ಉಳಿಯುವುದು ಮಾಂಸಖಂಡ.

ಇದು ಪುಸ್ತಕದಲ್ಲಿ ಬರೆದು ಇಪ್ಪತ್ತು ವರ್ಷವಾಗುವುದರೊಳಗೆ 1876–78ರ ಬರ ಬಂತು. ಕಮತಗಿ ಆಗ ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಗೆ ಸೇರಿತ್ತು. ಬರದ ಬಾಯಿಗೆ ಹೆಚ್ಚಾಗಿ ಸಿಕ್ಕಿದ ಜಿಲ್ಲೆಗಳಲ್ಲಿ ಅದೊಂದು. ಧಾನ್ಯದ ಬೆಲೆ ಏರಿದಾಗ ಜನ ಮೊದಲು ಬಿಡುವುದು ಹೊಸ ಬಟ್ಟೆಯನ್ನು. ಹೊಲ ಒಣಗಿದ ರೈತನ ಜೊತೆಗೆ ಮಗ್ಗ ನಿಂತ ನೇಕಾರನೂ ಕಲ್ಲು ಒಡೆಯುವ ಪರಿಹಾರದ ಕೆಲಸಕ್ಕೆ ಹೋಗಬೇಕಾಯಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅಲ್ಲಿಯ ಕೂಲಿಯನ್ನು ಇಳಿಸಿ, ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಜೊತೆಗೆ ಪುಡಿಗಾಸು, ಇಷ್ಟು ಸಾಕೆಂದನು. ಒಂದು ಪೌಂಡು ಜೋಳದಿಂದ ಹುಟ್ಟುವ ಶಕ್ತಿ 1,500 ಕಿಲೊಕ್ಯಾಲರಿಗಿಂತ ತುಸು ಹೆಚ್ಚು. ಇಡೀ ದಿನ ಕಲ್ಲು ಒಡೆಯುವವನಿಗೆ ಅದರ ಇಮ್ಮಡಿಯಾದರೂ ಬೇಕು. ಉಳಿದದ್ದನ್ನು ಅವನ ಮೈಯೇ ಕೊಡಬೇಕಾಗಿತ್ತು. ಮದರಾಸು ಇಲಾಖೆಯ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ಬಲವಾಗಿ ಪ್ರತಿಭಟಿಸಿದ ಮೇಲೆ, ಆ ವರ್ಷದಲ್ಲಿಯೇ ಅಲ್ಲಿ ಕೂಲಿಯನ್ನು ಏರಿಸಲಾಯಿತು.

ಹಸಿದವನಿಗೆ ರೊಟ್ಟಿಗಿಂತ ಮೊದಲು ತೆಳ್ಳನೆಯ ಗಂಜಿ ಕುಡಿಸುವುದು ನಮ್ಮ ಹಿರಿಯರ ಪದ್ಧತಿ. ಕುದಿದು ಒಡೆದ ಪಿಷ್ಟ ಬಲಗುಂದಿದ ಹೊಟ್ಟೆಗೂ ಬೇಗ ಒಗ್ಗುತ್ತದೆ. ಬರವೋ ನೆರೆಯೋ ಬಂದಾಗ ಸರಕಾರ ತೆರೆಯುವ ಅಡುಗೆಮನೆಗೆ, ಅಲ್ಲಿ ಅನ್ನ ಸಾರು ಬಡಿಸಿದರೂ, ಕನ್ನಡದಲ್ಲಿ ಬಹುಕಾಲ ‘ಗಂಜಿ ಕೇಂದ್ರ’ ಎಂದೇ ಹೆಸರಿತ್ತು.