ಡಂಗುರದಿಂದ ಕೊಸರಿನವರೆಗೆ

ನಾನು ಬಾಲ್ಯವನ್ನು ಕಳೆದ ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ, ತೆಂಗಿನ ತೋಟಗಳ ನಡುವಣ ಹಳ್ಳಿಗಳಿಗೆ ಸುದ್ದಿ ತಮಟೆಯ ಸದ್ದಿನೊಡನೆ ಬರುತ್ತಿತ್ತು. ಕಂದಾಯದ ಗಡುವು, ಜಾತ್ರೆಯ ದಿನ, ಕೆರೆಯ ಮೀನಿನ ಹರಾಜು ಎಲ್ಲವನ್ನೂ ಒಬ್ಬನು ಬೀದಿಯ ಮೂಲೆಯಲ್ಲಿ ನಿಂತು ಡಂಗುರ ಸಾರುತ್ತಿದ್ದನು. ‘ಸಾರು’ ಎಂಬ ಅಚ್ಚಗನ್ನಡ ಧಾತುವಿಗೆ ಘೋಷಿಸು ಎಂಬ ಅರ್ಥವೂ ಉಂಟು, ಸಮೀಪಿಸು ಎಂಬ ಅರ್ಥವೂ ಉಂಟು. ಸಾರುವವನು ಹತ್ತಿರ ಬಂದೇ ಸಾರಬೇಕಾಗಿತ್ತು. ಹಾಗೆಂದು ಇದನ್ನು ನೆನೆದು ಹಿಗ್ಗುವಂತಿಲ್ಲ. ತಮಟೆ ಬಡಿಯುವುದು ಹುಟ್ಟಿನ ಕಾರಣದಿಂದ ಅಂಟಿಸಿದ್ದ ಚಾಕರಿ. ಊರಿಗೆಲ್ಲ ಜಾತ್ರೆಯ ಕರೆ ಕೊಟ್ಟವನಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. ಮುಂದೆ ಎಷ್ಟೋ ಊರುಗಳಲ್ಲಿ ಆ ಕೇರಿಯ ತರುಣರು ತಮಟೆಯನ್ನು ಕೆಳಗಿಟ್ಟದ್ದು ನ್ಯಾಯವೇ ಸರಿ.

ಡಂಗುರದ ಜಾಗಕ್ಕೆ ಬಂದ ‘ಜಾಹೀರಾತು’ ದೂರದ ಅತಿಥಿ. ಅರಬ್ಬಿಯ ‘ಜಾಹಿರ್’, ಎಂದರೆ ಪ್ರಕಟವಾದದ್ದು, ಮರಾಠಿಯಲ್ಲಿ ‘ಜಾಹಿರಾತ್’ ಆಗಿ ನಮ್ಮಲ್ಲಿಗೆ ಇಳಿಯಿತು. ಹಿಂದಿಯವರು ಇದಕ್ಕೆ ‘ವಿಜ್ಞಾಪನ್’ ಎನ್ನುತ್ತಾರೆ. ನಮ್ಮಲ್ಲಿ ವಿಜ್ಞಾಪನೆಯೆಂದರೆ ಹಿರಿಯರ ಮುಂದೆ ಕೈಮುಗಿದು ಮಾಡುವ ಅರಿಕೆ. ವ್ಯಾಪಾರಿ ಅಷ್ಟು ವಿನಯವಂತನಲ್ಲವೆಂದು ಕನ್ನಡಿಗರು ಬಗೆದರೋ ಏನೋ!

‘ಬಹುಮಾನ’ವೆಂದರೆ ಮೂಲದಲ್ಲಿ ಹೆಚ್ಚಿನ ಗೌರವ, ಈಗ ಅದು ಚೀಟಿ ಎತ್ತಿದರೆ ಸಿಗುವ ವಸ್ತು. ಒಂದು ಕಾಲಕ್ಕೆ ಬಸ್ ನಿಲ್ದಾಣಗಳಲ್ಲಿ ಲಾಟರಿ ಮಾರುವವರು ಅದೃಷ್ಟವನ್ನೇ ಕೂಗಿ ಮಾರುತ್ತಿದ್ದರು. ಜಾಹೀರು ಎಂದರೆ ಕಣ್ಣಿಗೆ ಕಾಣುವಂಥದು, ಅದೃಷ್ಟವೆಂದರೆ ಕಾಣದ್ದು. ಕಾಣದ್ದನ್ನು ಕಾಣಿಸುವೆನೆಂಬ ಈ ಆಟಕ್ಕೆ ದಿನಗೂಲಿಯ ದುಡ್ಡನ್ನು ಸುರಿದು ಬರಿದಾದ ಮನೆಗಳೆಷ್ಟೋ. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. ಆದರೂ ಸೋಪಿನ ಹೊದಿಕೆಯೊಳಗಣ ಕೂಪನ್ನಿಗೆ ಇಂದಿಗೂ ‘ಅದೃಷ್ಟಶಾಲಿ’ಗಳೇ ಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡಿದ ಮಾತು ‘ಉಚಿತ’. ಸಂಸ್ಕೃತದಲ್ಲಿ ಅದರ ಅರ್ಥ ತಕ್ಕುದು, ಯೋಗ್ಯವಾದುದು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದನು. ನಮ್ಮ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಈ ವಿಚಾರ ಹೊಸದಲ್ಲ. ಕನ್ನಡದಲ್ಲಿ ಅದೇ ಶಬ್ದ ‘ಬೆಲೆಯಿಲ್ಲದೆ ಕೊಡುವುದು’ ಎಂದಾಯಿತು. ‘ಒಂದು ಕೊಂಡರೆ ಇನ್ನೊಂದು ಉಚಿತ’ ಎಂಬ ಹಲಗೆಯ ಮುಂದೆ ನಿಂತಾಗಲೆಲ್ಲ ನನಗೆ ಕ್ಷೇಮೇಂದ್ರನ ನೆನಪಾಗಿ ನಗು ಬರುತ್ತದೆ. ಇನ್ನೊಂದರ ಬೆಲೆ ಮೊದಲನೆಯದರಲ್ಲೇ ಸೇರಿರುವಾಗ ಉಚಿತವೆನ್ನುವುದು ಉಚಿತವೇ?

ಇದಕ್ಕೆ ನಮ್ಮದೇ ಆದ ಮಾತೊಂದಿತ್ತು: ‘ಕೊಸರು’. ಸಂತೆಯಲ್ಲಿ ಹುರುಳಿಕಾಯಿ ತೂಗಿಸಿಕೊಂಡ ಮೇಲೆ ನನ್ನ ಅಜ್ಜಿ ಸೆರಗೊಡ್ಡಿ, “ಕೊಸರು ಹಾಕಪ್ಪ” ಎನ್ನುತ್ತಿದ್ದರು. ಅವನು ಗೊಣಗುತ್ತ ಇನ್ನೊಂದು ಹಿಡಿ ಹಾಕುತ್ತಿದ್ದನು. ಅದನ್ನು ಯಾರೂ ಮೊದಲೇ ಸಾರಿರುತ್ತಿರಲಿಲ್ಲ. ತಕ್ಕಡಿ ಕೆಳಗಿಳಿದ ಮೇಲೆ, ಕೊಂಡವಳ ಮುಖ ನೋಡಿ, ಕೈಯಳತೆಯಲ್ಲಿ ಬರುತ್ತಿತ್ತು. ಎಳೆಯ ಕಾಯಿ ಬಂದರೆ ಅಜ್ಜಿ ಮರುವಾರವೂ ಅವನ ಬಳಿಗೇ ಹೋಗುತ್ತಿದ್ದರು. ಬಲಿತದ್ದು ಬಂದರೆ ದಾರಿಯುದ್ದಕ್ಕೂ ಬೈಯುತ್ತಿದ್ದರು.